ಬಾಣದ ಗುರುತಿನ ಟಾಯರು

ಹಾನಗಲ್ಲಿನ ಕುಬೇರಪ್ಪನವರಿಗೆ ಒಂದು ಕೆಟ್ಟ ಚಟವಿತ್ತು. ತಂಬಾಕಿನದಲ್ಲ, ಇಸ್ಪೀಟಿನದೂ ಅಲ್ಲ. ಅವೇ ಆಗಿದ್ದರೆ ಹೆಂಡತಿ ಹಾಲವ್ವ ಎಂದೋ ಬಿಡಿಸುತ್ತಿದ್ದಳು. ಯಾವ ವಸ್ತು ಕಣ್ಣಿಗೆ ಬಿದ್ದರೂ ಅದು ಹೀಗೇಕಿದೆ ಎಂದು ತಿಳಿಯುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರು ಬಿಚ್ಚಿ ನೋಡಿದ ಮೇಲೆ ಗೋಡೆ ಗಡಿಯಾರ ಗಂಟೆ ಮಾತ್ರ ಹೊಡೆಯುತ್ತಿತ್ತು, ಮುಳ್ಳು ತಿರುಗುತ್ತಿರಲಿಲ್ಲ. ಹಾರ್ಮೋನಿಯಮ್ಮಿನ ಹೊಟ್ಟೆಯಲ್ಲಿ ದನಿ ಎಲ್ಲಿ ಕೂತಿದೆ ಎಂದು ಹುಡುಕಿದ ದಿನದಿಂದ ಅದು ಒಂದೇ ಸ್ವರ ಹಿಡಿದು ಅಳುತ್ತಿತ್ತು. (ಈಗ ಹಾಲವ್ವ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ.)

ಇಂಥವರ ಕೈಗೆ, ಮಹಾಯುದ್ಧ ಮುಗಿದ ಮರುವರ್ಷ, ಲಷ್ಕರದವರು ಹರಾಜು ಹಾಕಿದ ಒಂದು ಜೀಪು ಬಂದು ಬಿತ್ತು. ಗುಡ್ಡ ಹತ್ತುತ್ತದೆ, ಹಳ್ಳ ದಾಟುತ್ತದೆ, ನಾಲ್ಕೂ ಗಾಲಿ ಕೂಡಿ ಎಳೆಯುತ್ತವೆ ಎಂದು ಕುಬೇರಪ್ಪನವರು ಊರೆಲ್ಲ ಡಂಗುರ ಹೊಡೆದರು. ಟಾಯರು ಮಾತ್ರ ಸವೆದು ಬೋಳಾಗಿದ್ದವು. ಆ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ.

ಅಷ್ಟರಲ್ಲಿ ರಟ್ಟೀಹಳ್ಳಿಯಿಂದ ಹಾಲವ್ವನ ತಮ್ಮ ಚನ್ನವೀರಪ್ಪ ಬಂದ. ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ತವರಲ್ಲೇ ಇಟ್ಟುಕೊಂಡಿದ್ದರು. ಅಕ್ಕ ಬಂದು ಉಡಿ ತುಂಬಬೇಕು.

"ಮಾವಾರ, ಮಳಿ ಹತ್ತೇತಿ, ಹಿರೇಕೆರೂರು ದಾಟಿದ್ರ ಎರಿ ಹಾದಿ. ಆ ಮೋಟಾರು ಬ್ಯಾಡ್ರಿ. ನಾ ಎತ್ತಿನ ಬಂಡಿ ಕಳಸ್ತೇನಿ" ಎಂದ.

ಕುಬೇರಪ್ಪನವರಿಗೆ ಮೈ ಉರಿಯಿತು. "ಬಂಡಿ ನೀನಽ ಇಟ್ಕೋ. ಊಟಕ್ಕ ಎಲಿ ಹಾಕೂದ್ರಾಗ ನಿಮ್ಮ ಬಾಗಲಾಗ ನನ್ನ ಜೀಪು ನಿಂತಿರತೈತಿ!"

ತಮ್ಮ ಅತ್ತ ಹೋದ ಮೇಲೆ ಹಾಲವ್ವ ಸೆರಗು ಸಿಕ್ಕಿಸಿ ಬಂದಳು. "ಹಾದ್ಯಾಗ ಸಿಕ್ಕೊಂಡು ತಂಗಿ ಉಡಿ ತುಂಬೂದು ತಪ್ಪಿತು ಅನ್ರಿ, ಶ್ರಾವಣ ಮುಗಿಯೂತನ ನಿಮ್ಮ ರೊಟ್ಟಿ ನೀವಽ ಬಡಕೋರಿ."

ಹೀಗೆ ಮರ್ಯಾದೆ ಮತ್ತು ರೊಟ್ಟಿ ಎರಡೂ ಟಾಯರಿನ ಮೇಲೆ ನಿಂತವು. ಕುಬೇರಪ್ಪನವರು ಆ ಹಾದಿಯಂಥದೇ ಜಿಗುಟು ಎರೆಮಣ್ಣನ್ನು ನೀರಲ್ಲಿ ಕಲಸಿ, ಒದ್ದೆ ಅರಿವೆಯಲ್ಲಿ ಕಟ್ಟಿಕೊಂಡು, ಸವಣೂರಿನ ಗುಜರಿ ವ್ಯಾಪಾರಿ ಉಸ್ಮಾನಸಾಬನಲ್ಲಿಗೆ ಹೋದರು. ಅವನ ಹಿತ್ತಲಲ್ಲಿ ಲಷ್ಕರದ ಹಳೆ ಟಾಯರಿನ ಗುಡ್ಡೆಯೇ ಇತ್ತು. ಒಂದು ಜಾತಿಗೆ ಬರೀ ಉದ್ದ ಗೀರು, ಒಂದಕ್ಕೆ ಚೌಕ ಚೌಕ ಗಡ್ಡೆ, ಇನ್ನೊಂದಕ್ಕೆ ಬಾಣದ ಮೊನೆಯಂತೆ ನಡುವೆ ಕೂಡುವ ದಪ್ಪ ಏಣು.

"ಇದಕ್ಕ ಗೀರು ಯಾಕ? ಇದಕ್ಕ ಗಡ್ಡಿ ಯಾಕ?"

"ಧಣ್ಯಾರ, ಎಲ್ಲಾ ದುಂಡಗ ಅದಾವ, ತಿರಗತಾವ. ಇನ್ನೇನು ಬೇಕ್ರಿ ನಿಮಗ?"

ಅವನ ಉತ್ತರ ಕುಬೇರಪ್ಪನವರ ಹೊಟ್ಟೆ ತುಂಬಿಸಲಿಲ್ಲ. ಮಣ್ಣಿನ ಗಂಟು ಬಿಚ್ಚಿ ಒಂದೊಂದಕ್ಕೂ ಒತ್ತಿ ನೋಡಿದರು. ಗೀರಿನದು ಜಾರಿತು. ಗಡ್ಡೆಯದು ಹಿಡಿದ ಮಣ್ಣು ಬಿಡಲೊಲ್ಲದು. ಬಾಣದ್ದು ಹಿಡಿಯಿತು, ಬೆರಳಿಂದ ಸವರಿದರೆ ಬಿಟ್ಟೂ ಕೊಟ್ಟಿತು. ಸಿಕ್ಕಿತು ಪರಬ್ರಹ್ಮ! ಟಾಯರು ಕೂಡಿಸುವ ಕಬ್ಬಿಣದ ಚಕ್ರಗಳನ್ನೂ, ಹೆಂಗಸರು ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಹಾಗೆ ಬಡಿದು, ಕಿವಿಗೊಟ್ಟು, ಸೊಟ್ಟವಲ್ಲದ ನಾಲ್ಕನ್ನು ಆರಿಸಿ ಕೊಂಡರು.

"ಬಾಣ ಎತ್ತಾಗ ಮುಖ ಮಾಡಿರಬೇಕೋ?" ಎಂದು ಕೊನೆಗೆ ಕೇಳಿದರು.

"ನಾ ಅದನ್ನ ಕೇಳಿಲ್ರಿ, ಅದೂ ನನಗ ಹೇಳಿಲ್ಲ" ಎಂದ ಉಸ್ಮಾನಸಾಬ.

ಆ ಪ್ರಶ್ನೆ ತಲೆಗೆ ಹೊಕ್ಕದ್ದೇ ತಡ, ಕುಬೇರಪ್ಪನವರ ಚಕ್ರಶಾಸ್ತ್ರ ಸಂಶೋಧನೆ ಶುರುವಾಯಿತು. ಮರುದಿನ ಬೆಳಿಗ್ಗೆ ಹಾಲವ್ವ ಅಂಗಳ ಸಾರಿಸಿ, ರಂಗೋಲಿ ಹಾಕಿ ಒಳಗೆ ಹೋಗುತ್ತಲೇ, ಹಸಿ ನೆಲದ ಮೇಲೆ ಬಾಗಿಲಿನಿಂದ ಬೀದಿಯ ಕಡೆಗೆ ಟಾಯರು ಉರುಳಿಸಿದರು.

"ನಾ ಸಾರಿಸಿದ್ದು ನಿಮ್ಮ ಗಾಲಿ ಉರುಳ್ಸಾಕೇನ್ರಿ?"

"ಏ, ಇಲ್ಲೆ ಬಾ, ಸೋಜಿಗ ನೋಡು! ಗಾಲಿ ನೆತ್ತಿ ಮ್ಯಾಲಿನ ಬಾಣ ಬೀದಿ ಕಡೆ ಐತಿ. ನೆಲದ ಮ್ಯಾಲ ಮೂಡಿದ ಬಾಣ ಮನಿ ಕಡೆ ಐತಿ!"

ಹಾಲವ್ವ ಬೈಯಲು ಬಂದವಳು ತಾನೂ ಬಗ್ಗಿ ನೋಡಿದಳು. ನಿಜವೇ! "ಹಂಗಾರ ಯಾವುದು ಖರೆ?"

"ಹಾದಿಗೆ ಹತ್ತೂದು ಕೆಳಗಿಂದು. ಅದು ಮನಿ ಕಡೆ ತೋರಿಸಿದ್ರ ಜೀಪು ರಟ್ಟೀಹಳ್ಳಿಗೆ ಹೋದೀತೇನು? ತಿರುವಿ ಹಾಕಬೇಕು."

"ಬಲ್ಲವರನ್ನ ಒಂದು ಮಾತು ಕೇಳ್ರೆಲಾ."

"ಕಣ್ಣಾರೆ ಕಂಡ ಮ್ಯಾಲ ಕೇಳೂದೇನೈತಿ?"

ಚಾಲಕ ಹಜರತಅಲಿ ಹೇಳಿದಂತೆ ಮಾಡುವ ಮನುಷ್ಯ. ನಾಲ್ಕೂ ಗಾಲಿಯನ್ನು, ಮಣ್ಣಿನಲ್ಲಿ ಮೂಡುವ ಬಾಣ ಮುಂದಕ್ಕೆ ತೋರುವಂತೆ, ತಿರುವಿ ಕೂಡಿಸಿದ.

ಕುಬಸದ ದಿನ ಕುಬೇರಪ್ಪನವರು ಜರಿ ರುಮಾಲು ಸುತ್ತಿ ಚಾಲಕನ ಪಕ್ಕ ಕೂತರು. ಹಾಲವ್ವ ಹಸಿರು ಬಳೆ, ಸೀರೆಯ ಬುಟ್ಟಿ ಅಪ್ಪಿಕೊಂಡು ಹಿಂದಿನ ಆಸನದ ಮೇಲೆ ಕೂತಳು. ಹಿರೇಕೆರೂರಿನವರೆಗೆ ಗಟ್ಟಿ ರಸ್ತೆ. ಜೀಪು ಹಾರಿದಂತೆ ಹೋಯಿತು. ರಟ್ಟೀಹಳ್ಳಿ ಇನ್ನೊಂದು ಹರದಾರಿ ಇದೆ ಎನ್ನುವಾಗ ಮಳೆಗೆ ಕಲಸಿದ ಎರೆ ಹಾದಿ ಬಂತು. ಬಾಣಗಳ ಸಂದಿಯಲ್ಲಿ ಮಣ್ಣು ತುಂಬಿ, ತುಂಬಿದ್ದು ಮೆತ್ತಿ, ಗಾಲಿಗಳು ನಿಂತಲ್ಲೇ ಗಿರಗಿರ ತಿರುಗತೊಡಗಿದವು. ಬಿಡಿಸಿಕೊಳ್ಳಲು ಹಜರತಅಲಿ ಹಿಂದಕ್ಕೆ ತೆಗೆದ. ಜೀಪು ಮಣ್ಣೆಲ್ಲ ಕೊಡವಿ ಸಲೀಸಾಗಿ ಹಿಂದೆ ಬಂತು! ಮುಂದಕ್ಕೆ ಬಿಟ್ಟರೆ ಮತ್ತೆ ಹೂತಿತು. ಹಿಂದಕ್ಕೆ ತೆಗೆದರೆ ಮತ್ತೆ ಬಂತು.

ಕುಬೇರಪ್ಪನವರು ಕೆಸರಿಗಿಳಿದು, ಧೋತರ ಎತ್ತಿ, ಕುಕ್ಕರಗಾಲಿನಲ್ಲಿ ಕೂತರು. "ಆಹಾ! ಮುಂದಕ್ಕ ಹೋದ್ರ ಮಣ್ಣು ನುಂಗತೈತಿ, ಹಿಂದಕ್ಕ ಹೋದ್ರ ಉಗುಳತೈತಿ! ಹಜರತಅಲಿ, ಇನ್ನೊಮ್ಮಿ ತೋರಸು!"

"ಅಂದ್ರ ಗಾಲಿ ಉಲ್ಟಾ ಕೂಡಿಸೇವ್ರಿ ಧಣ್ಯಾರ. ಬಿಚ್ಚಿ ಅದಲು ಬದಲು ಮಾಡ್ಲೇನ್ರಿ?"

"ಬ್ಯಾಡಪಾ ನಮ್ಮಪ್ಪಾ!" ಎಂದಳು ಹಿಂದಿನಿಂದ ಹಾಲವ್ವ. "ನೀ ಬಿಚ್ಚಿದ್ರ ಇವರು ಕೂಸು ಹುಟ್ಟೂತನ ನೋಡ್ಕೋತ ಕುಂಡರತಾರ. ಹಿಂದಕ್ಕ ಓಡತೈತಲ್ಲ? ಮಾರಿ ಹಾನಗಲ್ಲಿಗೆ ತಿರುಗಸು. ಬೆನ್ನ ಮುಂದ ಮಾಡಿ ರಟ್ಟೀಹಳ್ಳಿಗೆ ನಡಿ. ಹಾದಿ ನಾ ಹೇಳ್ತೇನಿ."

ಹಾಗೇ ಆಯಿತು. ಹಿಂದಿನ ಪರದೆ ಎತ್ತಿ ಹಾಲವ್ವ "ಎಡಕ್ಕ... ಬಲಕ್ಕ... ಎಮ್ಮಿ ಬಂತು, ನಿಂದ್ರು" ಎಂದು ಹುಕುಂ ಕೊಡುತ್ತಿದ್ದಳು. ಹಜರತಅಲಿ ಕತ್ತು ತಿರುವಿಕೊಂಡು "ಹೂಂನ್ರಿ ಅವ್ವಾರ" ಎನ್ನುತ್ತಿದ್ದ. ಮುಂದಿನ ಆಸನದ ಕುಬೇರಪ್ಪನವರು ಮಾತ್ರ ತಾವು ಬಿಟ್ಟುಬಂದ ಹಾದಿಯನ್ನೇ ನೋಡುತ್ತ, ಹೊಲದಲ್ಲಿ ನಿಂತು ಬಾಯಿ ಬಿಟ್ಟವರಿಗೆಲ್ಲ ರುಮಾಲು ತೋರಿಸುತ್ತ ಸಾಗಿದರು.

ಊಟಕ್ಕೆ ಎಲೆ ಹಾಕುವುದರೊಳಗೆ ಜೀಪು ಮಾವನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಹಾಲವ್ವ ಜಿಗಿದು, ಬುಟ್ಟಿ ಹೊತ್ತು, ಹೆಂಗಸರ ಗುಂಪಿನೊಡನೆ ಒಳಗೆ ನಡೆದುಬಿಟ್ಟಳು. ಕುಬೇರಪ್ಪನವರು ಧೋತರದ ಕೆಸರು ಕೆರೆಯುತ್ತ ಕೂತಿದ್ದಾಗ ಹಿತ್ತಲಿನ ಅಡಿಗೆ ಚಪ್ಪರದಿಂದ ಚನ್ನವೀರಪ್ಪ ಓಡಿ ಬಂದ.

"ಮಾವಾರ! ಉಣಲಾರದಽ ಹೊಂಟ್ರಿ? ನಮ್ಮಿಂದ ಏನ್ ತಪ್ಪಾತ್ರಿ?"

ಕುಬೇರಪ್ಪನವರು ಕಣ್ಣು ಪಿಳುಕಿಸಿದರು. ಜೀಪಿನ ಮೋರೆ ಊರ ಹೊರಗಿನ ಕಡೆಗಿತ್ತು. ಬೆನ್ನು ಮುಂದಾಗಿ ಬಂದೆ ಎನ್ನುವುದಕ್ಕಿಂತ ಸಿಟ್ಟು ಮಾಡಿ ಹೊರಟ ಅಳಿಯನಾಗುವುದೇ ಮರ್ಯಾದೆಯೆಂದು ತೋರಿತು. ಗಂಟಲು ಸರಿಪಡಿಸಿಕೊಂಡು, "ತಪ್ಪೇನಿಲ್ಲಪಾ. ಜರೂರ ಕೆಲಸ ಐತಿ, ಹೋಗಬೇಕು" ಎಂದರು. ಹಿರಿಯರೆಲ್ಲ ಓಡಿ ಬಂದರು. ಒಬ್ಬರು ಕೈ ಹಿಡಿದರು, ಒಬ್ಬರು ದಮ್ಮಯ್ಯ ಅಂದರು. ಹೋಳಿಗೆಯ ವಾಸನೆ ಬರುತ್ತಿತ್ತು. ಇನ್ನೊಂದು ಸಲ ಕರೆದರೆ ಇಳಿದರಾಯಿತು ಎಂದು, ಅದಕ್ಕಿಂತ ಮುಂಚೆ ಒಂದಿಷ್ಟು ಬೆಲೆ ಏರಿಸಿಕೊಳ್ಳಲು, "ಹಜರತಅಲಿ, ಹೊಡಿ ಗಾಡಿ!" ಎಂದು ಗುಡುಗಿದರು.

ಮೊದಲೇ ಹೇಳಿದೆನಲ್ಲ, ಆತ ಹೇಳಿದಂತೆ ಮಾಡುವ ಮನುಷ್ಯ. ಮುಂದಕ್ಕೆ ಹೊಡೆದ. ಜೀಪು ನಾಲ್ಕು ಮಾರು ಹೋಗಿ, ನೆಂಟರೆಲ್ಲರ ಧೋತರಕ್ಕೆ ಕೆಸರು ಸಿಡಿಸಿ, ಅಂಗಳದ ರಾಡಿಯಲ್ಲಿ ಗಪ್ಪನೆ ಹೂತು ಕೂತಿತು.

ಉಡಿ ತುಂಬಿದ ಕೈಯಲ್ಲೇ ಹಾಲವ್ವ ಬಾಗಿಲಿಗೆ ಬಂದಳು. "ಹಜರತಅಲಿ, ಹಿಂದಕ್ಕ ತಗೋ" ಎಂದಳು. ಜೀಪು ಹಿಂದೆ ಹಿಂದೆ ಸರಾಗವಾಗಿ ಬಂದು ಮೆಟ್ಟಿಲ ಬಳಿ ನಿಂತಿತು.

ಚನ್ನವೀರಪ್ಪ ಜೀಪನ್ನು ನೋಡಿದ, ಅಕ್ಕನ ಮುಖ ನೋಡಿದ, ಹಾದಿಯ ಮೇಲಿನ ಗಾಲಿ ಗುರುತು ನೋಡಿದ. ಮೀಸೆಯ ಅಡಿಯಲ್ಲೇ ನಗತೊಡಗಿದ.

"ಎಲಿ ಹಾಕ್ಯಾರೇನು?" ಎಂದರು ಕುಬೇರಪ್ಪನವರು ಆಕಾಶ ನೋಡುತ್ತ.

"ಹಾಕೇವ್ರಿ ಮಾವಾರ, ಬರ್ರಿ" ಎಂದು ಚನ್ನವೀರಪ್ಪ ಬಹಳ ವಿನಯದಿಂದ ಕೈ ಮಾಡಿದ. "ಹಂಗಽ ಬೆನ್ನ ತಿರುವಿಕೊಂಡಽ ಬರ್ರಿ ಮತ್ತ. ಮುಂದ ಮುಂದ ಬಂದ್ರ ಹೊಸ್ತಿಲದಾಗ ಸಿಕ್ಕೊಂಡೀರಿ."