ಮೂವತ್ತೊಂದು ಕುಂಡ, ಮೂವತ್ತೊಂದು ಚೀಟಿ

ಹಳೆಯ ಪತ್ರಿಕೆಯ ಹಾಳೆಯನ್ನು ಉದ್ದಕ್ಕೆ ಮಡಿಸಿ, ಅದರಿಂದ ದುಂಡು ಕಳ್ಳಿಯೊಂದರ ಸೊಂಟ ಬಳಸಿ ಹಿಡಿದು, ಅವಳು ಅದನ್ನು ಹೊಸ ಕುಂಡಕ್ಕೆ ಇಳಿಸುತ್ತಿದ್ದಳು. ಬೇರಿನ ಸುತ್ತ ಮರಳು ಸುರಿದಾಯಿತು. ಇನ್ನು ಹೆಸರಿನ ಚೀಟಿ ಸಿಕ್ಕಿಸಿದರೆ ಮುಗಿಯಿತು ಎಂದು ಹಳೆಯ ಕುಂಡದತ್ತ ಕೈ ಚಾಚಿದಳು. ಚೀಟಿ ಇರಲಿಲ್ಲ. ತಲೆ ಎತ್ತಿ ನೋಡಿದಳು. ಬಾಲ್ಕನಿಯ ಮೂವತ್ತೊಂದು ಕುಂಡಗಳಲ್ಲಿ ಒಂದರಲ್ಲೂ ಇರಲಿಲ್ಲ.

"ರೀ, ಚೀಟಿಗಳೆಲ್ಲ ಎಲ್ಲಿ?"

"ತೊಳೆದಿಟ್ಟಿದೀನಿ," ಎಂದರು ಗಂಡ ಒಳಗಿನಿಂದ. "ಅಡುಗೆಮನೆ ಕಟ್ಟೆ ಮೇಲೆ ಬಟ್ಟಲಲ್ಲಿವೆ. ಎಷ್ಟು ಮಣ್ಣು ಮೆತ್ಕೊಂಡಿತ್ತು ಮಾರಾಯ್ತಿ. ಸಂಘದ ಅಧ್ಯಕ್ಷರು ಬರ್ತಾರೆ ಅಂದಿದ್ಯಲ್ಲ."

ಇಪ್ಪತ್ತೈದು ವರ್ಷಗಳಲ್ಲಿ ತಮ್ಮ ಕಾಫಿ ಲೋಟ ತೊಳೆಯದ ಮನುಷ್ಯ ಇವತ್ತೇ ಚೀಟಿ ತೊಳೆದಿದ್ದರು. ಬಿಳಿ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಅವಳೇ ಮಾಡಿ ಬರೆದ ಚೀಟಿಗಳು ಬಟ್ಟಲಲ್ಲಿ ಮಿರಮಿರನೆ ಹೊಳೆಯುತ್ತಿದ್ದವು.

ಕಳ್ಳಿ ಬೆಳೆಸುವವರ ಸಂಘದ ಪ್ರದರ್ಶನದಲ್ಲಿ ಪ್ರತಿ ವರ್ಷ ಒಂದು ಮೇಜು, ಒಂದು ಕುರ್ಚಿ ಹಾಕುತ್ತಾರೆ. ಜನ ತಮ್ಮ ಮನೆಯ ಗುರುತಾಗದ ಗಿಡ ತರುತ್ತಾರೆ. ಕುರ್ಚಿಯಲ್ಲಿ ಕೂತವರು ಅದರ ಹೆಸರು ಹೇಳಬೇಕು. ಹನ್ನೊಂದು ವರ್ಷದಿಂದ ಅವಳ ಕಣ್ಣು ಆ ಕುರ್ಚಿಯ ಮೇಲೆ. ಮನೆಯಲ್ಲಿ ಅವಳನ್ನು ಸಾಂಬಾರ ಪುಡಿ ಎಲ್ಲಿದೆ ಎಂದು ಕೇಳುವವರಿದ್ದರು, ಅಂಗಿ ಗುಂಡಿ ಎಲ್ಲಿ ಹೋಯಿತು ಎಂದು ಕೇಳುವವರಿದ್ದರು. 'ಇದೇನು, ನೀವೇ ಹೇಳಬೇಕು' ಎಂದು ಯಾರೂ ಕೇಳಿದ್ದಿಲ್ಲ. ಅಧ್ಯಕ್ಷರು ನಾಲ್ಕು ಗಂಟೆಗೆ ಬಂದು, ಅವಳ ಗಿಡಗಳನ್ನು ನೋಡಿ, ಕುರ್ಚಿ ಯಾರಿಗೆಂದು ಹೇಳುವವರಿದ್ದರು. ಈಗ ಎರಡೂವರೆ.

ಇಪ್ಪತ್ತು ಗಿಡಗಳಿಗೆ ಕಣ್ಣು ಮುಚ್ಚಿ ಚೀಟಿ ಸಿಕ್ಕಿಸಿದಳು. ಉಳಿದ ಹನ್ನೊಂದು ಬಿಳಿ ಕೂದಲಿನ ದುಂಡು ಗಿಡಗಳು ಒಂದೇ ಕ್ಷೌರಿಕನ ಬಳಿ ಹೋಗಿ ಬಂದವರಂತೆ ಅವಳನ್ನೇ ನೋಡುತ್ತಿದ್ದವು. ಇದಾ, ಅದಾ? ಅದಾದರೆ ಇದ್ಯಾವುದು?

ಅಷ್ಟರಲ್ಲಿ ಗಲಾಟೆ ಕೇಳಿ ಮೇಲಿನ ಮನೆಯ ನರ್ಸ್ ಇಳಿದು ಬಂದಳು. "ಅಕ್ಕಾ, ನಮ್ಮ ಹೆರಿಗೆ ವಾರ್ಡಲ್ಲಿ ಮಗು ಕಾಲಿಗೆ ಪಟ್ಟಿ ಕಟ್ಟದೆ ಯಾರೂ ಮುಟ್ಟೋ ಹಾಗಿಲ್ಲ. ಭಾವನವರಿಗೆ ಅಲ್ಲಿ ಕೆಲಸ ಕೊಟ್ಟಿದ್ರೆ ಊರ ಮಕ್ಕಳೆಲ್ಲ ಅದಲು ಬದಲು."

"ತೊಳೆದಿದ್ದೂ ತಪ್ಪಾಯ್ತಾ?" ಎಂದರು ಗಂಡ.

ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕನ್ನಡಕ ಏರಿಸಿಕೊಂಡೇ ಬಂದರು. "ಬಿಡಮ್ಮ, ಮೂವತ್ತನಾಲ್ಕು ವರ್ಷ ಅರ್ಧ ವಿಳಾಸದ ಕಾಗದ ಮುಟ್ಟಿಸಿದೋನು ನಾನು. ಇವೆಲ್ಲಿಗೆ ಹೋಗ್ತವೆ? ಇದನ್ನ ಅದರಿಂದ ಬೇರೆ ಮಾಡೋದು ಹೇಗೆ, ಅಷ್ಟು ಹೇಳು."

"ಯುಫೋರ್ಬಿಯಾ, ಅಂದ್ರೆ ಹಾಲುಗಳ್ಳಿ ಜಾತಿ, ಗೀರಿದ್ರೆ ಹಾಲು ಬರತ್ತೆ, ಕ್ಯಾಕ್ಟಸ್‌ಲಿ ಸಾಮಾನ್ಯವಾಗಿ ಬರಲ್ಲ," ಎಂದಳು ಅವಳು, ಸುಮ್ಮನೆ ಮಾತಿಗೆ.

ಅವರು ಜೇಬಿನಿಂದ ಪಿನ್ನು ತೆಗೆದು, ಅವಳು ತಡೆಯುವಷ್ಟರಲ್ಲಿ ಹದಿನಾರು ಗಿಡಗಳಿಗೆ ಚುಚ್ಚಿದರು. ಹದಿನೇಳನೆಯದರಲ್ಲಿ ಹಾಲು ಬಂತು. ಸಂತೋಷಕ್ಕೆ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರು, ಉರಿ ಹತ್ತಿತು. ನರ್ಸ್ ಅವರನ್ನು ನಲ್ಲಿಯ ಕೆಳಗೆ ಬಗ್ಗಿಸಿ ಕಾಲು ಗಂಟೆ ಹಿಡಿದಳು.

ಒಂದು ಕಣ್ಣು ಕೆಂಪಗೆ ಮಾಡಿಕೊಂಡು ಅವರು ಎದ್ದಾಗ ಮೂರೂಕಾಲು. ಅವಳು ಧೈರ್ಯ ಮಾಡಿ, ಮುಳ್ಳೆಣಿಸಿ, ಉಳಿದ ಹನ್ನೊಂದಕ್ಕೂ ಚೀಟಿ ಸಿಕ್ಕಿಸಿದಳು. ನಂತರ ಸೀರೆ ಬದಲಿಸಿ, ಕಾಫಿಗೆ ಹಾಲಿಡಲು ಒಳಗೆ ಹೋದಳು. ಬರುವಷ್ಟರಲ್ಲಿ ಅಧ್ಯಕ್ಷರು ಬಾಲ್ಕನಿಯಲ್ಲಿದ್ದರು. ಪಕ್ಕದಲ್ಲಿ ಪೋಸ್ಟ್‌ಮ್ಯಾನ್ ಹೆಮ್ಮೆಯಿಂದ ನಿಂತಿದ್ದರು.

"ಚೀಟಿ ಅಡ್ಡಾದಿಡ್ಡಿ ಇತ್ತಮ್ಮ," ಎಂದು ಪಿಸುಗುಟ್ಟಿದರು. "ಅಕ್ಷರಮಾಲೆ ಪ್ರಕಾರ ಜೋಡಿಸಿಟ್ಟೆ. ಕೈ ಅಭ್ಯಾಸ ನೋಡು."

ಗಿಡಗಳು ಇದ್ದಲ್ಲೇ ಇದ್ದವು. ಚೀಟಿಗಳು ಮಾತ್ರ ಆಸ್ಟ್ರೋಫೈಟಮ್‌ನಿಂದ ಹವೋರ್ಥಿಯಾವರೆಗೆ ಸಾಲಾಗಿ ನಿಂತಿದ್ದವು. ಅವಳು ಲೋಟಗಳ ತಟ್ಟೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಸಾರ್, ಒಂದು ನಿಮಿಷ, ಇದು..."

ಅಧ್ಯಕ್ಷರು ಕೈ ಎತ್ತಿ ಸುಮ್ಮನಿರಿಸಿದರು. ಎಲೆಗಳೆಲ್ಲ ತಾವರೆಯಂತೆ ಅರಳಿ, ಒಂದೇ ಒಂದು ಮುಳ್ಳಿಲ್ಲದ ಎಚೆವೇರಿಯಾದ ಮುಂದೆ ಬಗ್ಗಿ ಚೀಟಿ ಓದಿದರು. "ಜಿಮ್ನೋಕ್ಯಾಲಿಸಿಯಂ. ಆಹಾ. ಈ ಮುಳ್ಳುಕಳ್ಳಿ ಬೆಳೆಸೋದು ಕಷ್ಟ ಮೇಡಂ. ಇದನ್ನ ನಾನೇ ಗುರುತಿಸಿ ಕೊಟ್ಟಿದ್ದು, ನೆನಪಿದೆಯಾ?"

ಅವಳಿಗೆ ನೆನಪಿತ್ತು. ಮೂವತ್ತೊಂದನ್ನೂ ಅವರೇ ಗುರುತಿಸಿ ಕೊಟ್ಟಿದ್ದರು. ಹನ್ನೊಂದು ವರ್ಷ ತಿಂಗಳ ಸಭೆಗೆ ಒಂದೊಂದಾಗಿ ಬುಟ್ಟಿಯಲ್ಲಿ ಹೊತ್ತೊಯ್ದು, ಅವರ ಬಾಯಿಂದ ಕೇಳಿ ಬರೆದುಕೊಂಡ ಹೆಸರುಗಳವು. ಹಾಗಾದರೆ ತೊಳೆಯುವ ಮೊದಲಾದರೂ ಅವು ಸರಿಯಿದ್ದವೇ?

ಅಧ್ಯಕ್ಷರು ಮೂವತ್ತೊಂದಕ್ಕೂ ತಲೆಯಾಡಿಸಿದರು. ಕೊನೆಗೆ ಬಿಳಿಕೂದಲಿನದೊಂದನ್ನು ತೋರಿಸಿ, "ಇದು ಯಾವುದು, ಹೇಳಿ ಮೇಡಂ," ಎಂದರು.

ಅವಳು ನೋಡಿದಳು. ತುಂಬ ಹೊತ್ತು ನೋಡಿದಳು. "ನನಗೆ ಖಚಿತ ಇಲ್ಲ ಸಾರ್."

"ಮ್ಯಾಮಿಲೇರಿಯಾ," ಎಂದರು ಪೋಸ್ಟ್‌ಮ್ಯಾನ್, ಚೀಟಿ ಓದಿ, ಥಟ್ಟನೆ.

ಅಧ್ಯಕ್ಷರ ಮುಖ ಅರಳಿತು. "ಇದು, ಇದು ಬೇಕು. ಅಲ್ಲಿ ನೂರು ಜನ ಸಾಲಲ್ಲಿ ನಿಂತಿರ್ತಾರೆ, ಅನುಮಾನ ಪಡ್ತಾ ಕೂತ್ರೆ ಆಗಲ್ಲ. ನೀವು ಬೇಜಾರು ಮಾಡ್ಕೋಬೇಡಿ ಮೇಡಂ." ಪೋಸ್ಟ್‌ಮ್ಯಾನ್ ಕಡೆ ತಿರುಗಿದರು. "ಯಜಮಾನ್ರೇ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದುಬಿಡಿ."

"ಕುರ್ಚಿಗೆ ಮೆತ್ತೆ ಇರತ್ತಾ?" ಎಂದು ಕೇಳಿದರು ಪೋಸ್ಟ್‌ಮ್ಯಾನ್.

ಎಲ್ಲರೂ ಹೋದ ಮೇಲೆ ಗಂಡ ಬಾಗಿಲಲ್ಲಿ ನಿಂತರು. "ಹೋಗ್ಲಿ ಬಿಡು. ಚೀಟಿ ಮತ್ತೆ ಸರಿ ಮಾಡ್ಬೇಕಾ? ನಾನೂ ಸೇರ್ಕೋತೀನಿ."

"ಬೇಡ ರೀ. ನೀವು ಲೋಟ ಒಳಗಿಡಿ, ಸಾಕು."

ಅವಳು ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಹೆಸರಿಲ್ಲದ ಗಿಡಗಳ ಮುಂದೆ ಮೊಣಕಾಲೂರಿ ಕೂತು, ಯಾವುದೋ ಹೊಸ ಮನೆಗೆ ಬಂದವಳಂತೆ ನೋಡಿದಳು. ಕಳ್ಳಿಯ ನಿಜವಾದ ಗುರುತು ಅದರ ಹೂವಿನಲ್ಲಿದೆ ಎಂದು ಎಲ್ಲೋ ಓದಿದ್ದಳು. ಹೂ ಬಿಟ್ಟ ದಿನ ತಾನೇ ನೋಡಿ, ತಾನೇ ತಾಳೆ ಹಾಕಿ ಬರೆಯುವುದು. ಅಲ್ಲಿಯವರೆಗೆ ಯಾರನ್ನೂ ಕೇಳುವುದಿಲ್ಲ. ಕೆಲವಕ್ಕೆ ಹೂ ಬಿಡಲು ಹದಿನೈದು ವರ್ಷ ಬೇಕಂತೆ. ಆಗ ತನಗೆ ಅರವತ್ತೇಳು. ಆಗಬಹುದು ಅನ್ನಿಸಿತು.

"ಏನು ಯೋಚನೆ ಮಾಡ್ತಿದೀಯ?" ಎಂದರು ಗಂಡ ಒಳಗಿನಿಂದ.

"ರಾತ್ರಿ ಅಡುಗೆಗೆ ಏನು ಮಾಡೋದು ಅಂತ," ಎಂದಳು.