ನಂಬರಿಲ್ಲದ ತುಂಡು

ನಲವತ್ತೊಂದು ತುಂಡು ಕೂಡಿಸಿ ಬೋದಿಗೆ ನಿಲ್ಲಿಸಿದ ಮೇಲೂ ಫಾನ್ ಯುಕುನ್‌ನ ಕಾಲಬುಡದಲ್ಲಿ ಮರದ ತುಂಡೊಂದು ಮಿಕ್ಕಿತ್ತು.

ಕಂಬದ ತಲೆ ಮೇಲೆ ಕೂತು ಸೂರು ಹೊರುವ, ದೇವಸ್ಥಾನದ ಹೆಬ್ಬಾಗಿಲಿನ ಹಳೇ ಬೋದಿಗೆ. ಮೊಳೆಯಿಲ್ಲ, ಅಂಟಿಲ್ಲ; ಒಂದರ ಹಲ್ಲು ಇನ್ನೊಂದರ ತೂತಿಗೆ ಕಚ್ಚಿಕೊಂಡೇ ನಿಲ್ಲಬೇಕು. ಊಟಕ್ಕೆ ಹೊರಟ ಗೆಂಗ್ ಮೇಸ್ತ್ರಿ ಹೇಳಿದ್ದರು: “ನಾನು ಬರೋದ್ರೊಳಗೆ ಜೋಡ್ಸಿದ್ರೆ ನಾಳೆಯಿಂದ ಸೂರಿನ ಕೆಲಸಕ್ಕೆ ಹತ್ತು. ಒಂದು ತುಂಡು ಮಿಕ್ಕಿದ್ರೂ ಇನ್ನೊಂದು ವರ್ಷ ಉಳಿ ಮಸೀತಾ ಕೂತಿರು.”

ಯುಕುನ್ ಆಗಲೇ ಎರಡು ವರ್ಷ ಮಸೆದಿದ್ದ. ಕನಸಲ್ಲೂ ಸಾಣೆಕಲ್ಲೇ ಬರುತ್ತಿತ್ತು.

ಪ್ರತಿ ತುಂಡಿಗೂ ಮೇಸ್ತ್ರಿ ಶಾಯಿಯಲ್ಲಿ ನಂಬರ್ ಬರೆದಿದ್ದರು. ಇದಕ್ಕೆ ಮಾತ್ರ ಇಲ್ಲ.

“ಮಿಕ್ಕೋಯ್ತೇನೋ?” ಜಗಲಿಯಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಪಕ್ಕದ ಮನೆ ದುವಾನ್ ಅತ್ತೆ ಕೇಳಿದಳು.

“ಇಲ್ಲ ಅತ್ತೆ, ನೋಡ್ತಿದ್ದೀನಿ.”

“ನೋಡಿದ್ರೆ ಒಳಗೆ ಹೋಗುತ್ತಾ? ನಿನ್ನ ಬೆವರಿಗೆ ನಂಬರ್ ಅಳಿಸಿರುತ್ತೆ.”

ಹೆಂಚು ಹೊದಿಸುತ್ತಿದ್ದ ಲುವಾನ್ ಏಣಿ ಇಳಿದು ಬಂದು ತುಂಡನ್ನು ಸವರಿದ. “ನಡುವೆ ತಗ್ಗು ನೋಡು, ಎಷ್ಟು ನುಣುಪು. ಭಾರ ಹೊತ್ತೂ ಹೊತ್ತೂ ಸವೆದಿರೋದು. ಎಲ್ಲಕ್ಕಿಂತ ಕೆಳಗೆ ಬರ್ಬೇಕಪ್ಪ ಇದು.”

ಯುಕುನ್ ಅಷ್ಟನ್ನೂ ಬಿಚ್ಚಿದ. ತುಂಡಿಗೆ ಉಳಿಯಿಂದ ಎರಡು ಹಲ್ಲು ಕೆತ್ತಿ, ಕೊಡತಿಯಲ್ಲಿ ಬಡಿದು ಕೆಳಗೆ ಕೂರಿಸಿ, ಮತ್ತೆ ಜೋಡಿಸಿದ. ಕಾವಿಗೆ ಕೂತ ಕೋಳಿಯ ಹಾಗೆ ಬೋದಿಗೆ ಅದರ ಮೇಲೆ ಭದ್ರವಾಗಿ ಕೂತಿತು.

ಮೇಸ್ತ್ರಿ ತೇಗುತ್ತ ಬಂದರು. ಹೆಗಲು ಕೊಟ್ಟು ನೂಕಿದರು. ಅಲುಗಲಿಲ್ಲ.

“ಏನೂ ಮಿಕ್ಕಿಲ್ವಾ?”

“ಒಂದು ಚಕ್ಕೆನೂ ಇಲ್ಲ, ಗುರುಗಳೇ.”

“ಹಾಗಾದ್ರೆ ನಾಳೆ ಹತ್ತು.”

“ನಾನೇ ಹೇಳ್ಕೊಟ್ಟಿದ್ದು,” ಎಂದ ಲುವಾನ್.

“ಮೊದಲು ಬಾಯಿ ಬಿಟ್ಟೋಳು ನಾನು,” ಎಂದಳು ಅತ್ತೆ.

ಮೇಸ್ತ್ರಿ ನೆರಳಲ್ಲಿ ಚಾಪೆ ಹಾಸಿ, ಜೋಡು ಬಿಟ್ಟು, ಅತ್ತಿತ್ತ ತಡಕಾಡಿದರು. “ನನ್ನ ದಿಂಬೆಲ್ಲೋ?”

“ದಿಂಬಾ?”

“ಮರದ್ದು ಕಣೋ. ನಮ್ಮ ಗುರುಗಳು ಮಲಗ್ತಿದ್ದಿದ್ದು. ತಲೆ ಇಡೋಕೆ ನಡುವೆ ಒಂದು ತಗ್ಗಿದೆ.”

ಅತ್ತೆಗೆ ಒಲೆ ಮೇಲೆ ಏನೋ ಇಟ್ಟಿದ್ದು ನೆನಪಾಯಿತು. ಲುವಾನ್ ಆಗಲೇ ಏಣಿಯ ತುದಿಯಲ್ಲಿದ್ದ. ಯುಕುನ್‌ನ ಬೆರಳು ಮೆಲ್ಲಗೆ ಬೋದಿಗೆಯ ಬುಡ ತೋರಿಸಿತು.

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. “ಕೂರ್ಸಿರೋದೇನೋ ಚೆನ್ನಾಗೇ ಕೂರ್ಸಿದ್ದೀಯ,” ಎಂದು ಆಕಳಿಸಿದರು. “ತೆಗಿ.”

ಅದನ್ನು ತೆಗೆಯಲು ಮೇಲಿನ ನಲವತ್ತೊಂದನ್ನೂ ಬಿಚ್ಚಬೇಕು. ಬಿಚ್ಚಿದ. ಮೇಸ್ತ್ರಿ ದಿಂಬಿಗೆ ತಲೆ ಇಟ್ಟರು. ಹೊಸ ಹಲ್ಲು ಕಿವಿಗೆ ಕಚ್ಚಿತು. ಎದ್ದು ಕೂತರು.

“ಯುಕುನ್, ಆ ಸಾಣೆಕಲ್ಲು ಎಲ್ಲಿಟ್ಟಿದ್ದೀಯಪ್ಪ?”