ಹತ್ತು ತುತ್ತಿನ ಪರೀಕ್ಷೆ

ಹೆಂಡತಿಯ ಸೊಂಟಕ್ಕೆ ನೋವಿನ ಪಟ್ಟಿ ಅಂಟಿಸುತ್ತಿರುವಾಗಲೇ ದೊಂಗ್‌ಸಿಕ್‌ಗೆ ಆ ಹಾಳು ಯೋಚನೆ ಹೊಳೆದದ್ದು. ಪ್ರತಿ ಚಳಿಗಾಲ ಸುನ್ಯೋಂಗ್ ತನ್ನ ಅಕ್ಕನ ಊರಿಗೆ ಹೋಗಿ, ಎರಡು ದಿನ ಇಬ್ಬರೂ ಕೂತು ಎಂಬತ್ತು ಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕಿ, ಡಬ್ಬಿಗಳ ಜೊತೆಗೆ ಸೊಂಟನೋವನ್ನೂ ಹೊತ್ತು ತರುತ್ತಿದ್ದಳು.

“ಅಂಗಡೀದು ತಂದ್ರೆ ಆಗಲ್ವಾ ಅಮ್ಮ?” ಎಂದ, ತನ್ನ ಪಾಲಿನ ಡಬ್ಬಿ ಒಯ್ಯಲು ಹಳ್ಳಿಯಿಂದ ಬಂದಿದ್ದ ತಾಯಿಗೆ.

“ಅಂಗಡೀದಾ? ನಿದ್ದೆಗಣ್ಣಲ್ಲಿ ಬಾಯಿಗಿಟ್ರೂ ಉಗುಳ್ತೀನಿ. ನಮ್ಮನೆ ಕೈರುಚಿ ನಂಗೊತ್ತಿಲ್ವೇನೋ?”

“ಕಣ್ಣು ಕಟ್ಟಿ ಕೊಡ್ತೀನಿ. ತಪ್ಪಿದ್ರೆ ಇನ್ಮೇಲೆ ಕಿಮ್ಚಿ ಹಾಕೋ ಮಾತೇ ಇಲ್ಲ.”

“ಕಟ್ಟೋ.”

“ರೀ, ಬೇಡ ಸುಮ್ನಿರಿ,” ಎಂದಳು ಸುನ್ಯೋಂಗ್. ಒಳ್ಳೆ ಸೊಸೆಯ ಸಂಕೋಚ ಅಂದುಕೊಂಡು ಅವನು ಕೆಳಗಿನ ಅಂಗಡಿಗೆ ಓಡಿ ಒಂದು ಪೊಟ್ಟಣ ತಂದ.

ವಾಸನೆ ಹಿಡಿದು ಎದುರುಮನೆಯ ಮಾ ಮೇಷ್ಟ್ರು ನೋಟ್‌ಬುಕ್ ಸಮೇತ ಹಾಜರಾದರು. ನಿವೃತ್ತ ವಿಜ್ಞಾನ ಮೇಷ್ಟ್ರು. “ಒಂದು ಸಲ ಮಾಡಿದ್ದು ಲೆಕ್ಕಕ್ಕಿಲ್ಲ ಕಣಯ್ಯ. ಹತ್ತು ಸಲ ಆಗ್ಬೇಕು. ನಡುವೆ ಬಾಯಿ ಮುಕ್ಕಳಿಸ್ಬೇಕು. ಬಟ್ಟಲು ನಾನು ಕೊಡ್ತೀನಿ, ನೀನು ಕೊಟ್ರೆ ನಿನ್ನ ಮುಖಾನೇ ಉತ್ತರ ಹೇಳ್ಬಿಡುತ್ತೆ.”

“ಅವ್ರ ಕಣ್ಣು ಕಟ್ಟಿದೆಯಲ್ಲ ಸಾರ್?”

“ಉಸಿರೂ ಹೇಳುತ್ತೆ. ದೂರ ನಿಲ್ಲು.”

ತಾಯಿ ಕಣ್ಣಿಗೆ ಶಾಲು ಕಟ್ಟಿಕೊಂಡು ನ್ಯಾಯಾಧೀಶರ ಹಾಗೆ ಕೂತರು. ಮೊದಲ ತುತ್ತಿಗೆ “ನಮ್ದು” ಎಂದರು. ಸರಿ. ಎರಡನೆಯದಕ್ಕೆ “ಥೂ, ಅಂಗಡೀದು” ಎಂದರು. ಅದು ಮನೆಯದು. ಆರನೆಯ ತುತ್ತಿನ ಹೊತ್ತಿಗೆ, ಕತ್ತಲಲ್ಲಿ ಬೀಗದ ಕೈ ತಡಕುವವರ ಹಾಗೆ ನಿಧಾನವಾಗಿ ಅಗಿಯತೊಡಗಿದರು. ಕೊನೆಗೆ ಹತ್ತರಲ್ಲಿ ನಾಲ್ಕು ಸರಿ.

“ನಾಣ್ಯ ಚಿಮ್ಮಿದ್ರೂ ಇಷ್ಟು ಹೇಳ್ತಿತ್ತು,” ಎಂದು ಮೇಷ್ಟ್ರು ಬರೆದುಕೊಂಡರು. ದೊಂಗ್‌ಸಿಕ್ ಚುನಾವಣೆ ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

ತಾಯಿ ಶಾಲು ಬಿಚ್ಚಿ ಮಡಿಸಿದರು. “ಹಂಗಾದ್ರೆ ನಾಲಿಗೆ ಸತ್ತಿದೆ. ಇನ್ನು ಕಣ್ಣನ್ನೇ ನಂಬಬೇಕು. ಮುಂದಿನ ವರ್ಷದಿಂದ ಕಿಮ್ಚಿ ನಮ್ಮೂರಲ್ಲಿ, ನನ್ನೆದುರಿಗೆ. ನೂರು ಕೋಸು.”

“ತಪ್ಪಿದ್ರೆ ಹಾಕೋ ಮಾತೇ ಇಲ್ಲ ಅಂತ ಒಪ್ಪಿದ್ಯಲ್ಲಮ್ಮ?”

“ಒಪ್ಪಿದ್ದು ನಾಲಿಗೆ ಇದ್ದೋಳು.”

ಸುನ್ಯೋಂಗ್ ಅವನ ತೋಳು ಹಿಡಿದು ಬಾಲ್ಕನಿಗೆ ಎಳೆದಳು. “ಸಮಾಧಾನ ಆಯ್ತಾ? ನಾಲ್ಕು ವರ್ಷದಿಂದ ನಾನೂ ಅಕ್ಕನೂ ಒಂದು ಕೋಸು ಮುಟ್ಟಿಲ್ಲ. ಅಲ್ಲಿ ಬಿಸಿನೀರಿನ ಬುಗ್ಗೆಗೆ ಹೋಗ್ತೀವಿ, ತಿಂತೀವಿ, ಮಲಗ್ತೀವಿ. ಬರೋವಾಗ ಕೆಳಗಿನ ಅಂಗಡೀಲೇ ಡಬ್ಬಿ ತುಂಬಿಸ್ಕೋತೀನಿ.”

“ಮತ್ತೆ ಸೊಂಟ?”

“ಸ್ನಾನದ ಮೆಟ್ಟಿಲಲ್ಲಿ ಜಾರಿದ್ದು. ವರ್ಷಕ್ಕೆ ಎರಡೇ ದಿನ ನನ್ನದು ಅಂತಿತ್ತು.”

ಹಾಗಾದರೆ ಎರಡು ಬಟ್ಟಲಲ್ಲೂ ಇದ್ದದ್ದು ಒಂದೇ. ಅಮ್ಮ ತಪ್ಪು ಹೇಳಲು ಅಲ್ಲಿ ಏನೂ ಇರಲಿಲ್ಲ. ಹೇಳಿಬಿಡಬೇಕೆಂದು ದೊಂಗ್‌ಸಿಕ್ ಒಳಗೆ ಓಡಿದ; ಹಿಂದೆಯೇ ಬಂದ ಸುನ್ಯೋಂಗ್ ಬಾಗಿಲಲ್ಲಿ ನಿಂತಳು.

ಅಡುಗೆಮನೆಯಲ್ಲಿ ತಾಯಿ ಉಪ್ಪು, ಸಕ್ಕರೆಯ ಡಬ್ಬಿ ಎರಡನ್ನೂ ತೆರೆದಿಟ್ಟುಕೊಂಡು, ಒಂದರಿಂದ ಚಿಟಿಕೆ ಬಿಳಿಪುಡಿ ನಾಲಿಗೆಗಿಟ್ಟು ನಿಂತಿದ್ದರು. ಮಗನನ್ನು ಕಂಡು ಆ ಡಬ್ಬಿಯನ್ನು ಅವನ ಮುಂದೆ ಹಿಡಿದರು.

“ಉಪ್ಪು ಅನ್ನಿಸ್ತಿದೆ. ನೀನೊಂದ್ಸಲ ನೋಡಿ ಹೇಳಪ್ಪ.”